ದಮ್ಮಯ್ಯನ ಮಧ್ಯಾಹ್ನದ ನಿದ್ದೆ

ಎಲ್ಲದಕ್ಕೂ ಮೂಲ ಒಂದು ಸ್ಟೀಲ್ ಲೋಟ.

ಲೋಟ ಅಂದಮೇಲೆ ಇಟ್ಟ ಜಾಗದಲ್ಲಿ ಇರಬೇಕು. ಆದರೆ ತುಮಕೂರಿನ ಗೂಡ್‌ಶೆಡ್ ಹಿಂದಿನ ಗಲ್ಲಿಯಲ್ಲಿ ಲೋಟಗಳು ನಡೆದಾಡುತ್ತಿದ್ದವು. ಕಾಂಪೌಂಡ್ ಗೋಡೆಯ ಆಚೆ ಯಾರ್ಡಿನಲ್ಲಿ ಶಂಟಿಂಗ್ ಇಂಜಿನ್ ನಿಂತಲ್ಲೇ ಗುಡುಗುಡು ಅನ್ನುತ್ತಿದ್ದರೆ, ಈಚೆ ಮನೆಗಳಲ್ಲಿ ಟೀಪಾಯಿ ಮೇಲಿನ ಲೋಟ ನಡುಗುತ್ತಾ ಅಂಚಿನವರೆಗೆ ಹೋಗಿ, ಅಲ್ಲೊಂದು ಕ್ಷಣ ಯೋಚನೆ ಮಾಡಿ, ಕೆಳಕ್ಕೆ ಹಾರಿಕೊಳ್ಳುತ್ತಿತ್ತು. ಗಲ್ಲಿಯವರಿಗೆ ಅಭ್ಯಾಸವಾಗಿತ್ತು. ಮಾತಾಡುತ್ತಾ ಮಾತಾಡುತ್ತಾ ಒಂದು ಬೆರಳಿನಲ್ಲಿ ಲೋಟವನ್ನು ಒಳಕ್ಕೆ ತಳ್ಳುತ್ತಿದ್ದರು, ಕೋಳಿಮರಿಯನ್ನು ಗೂಡಿಗೆ ಅಟ್ಟುವ ಹಾಗೆ.

ಹೋದ ತಿಂಗಳು ಸರ್ವಮಂಗಳಮ್ಮನ ಮಗಳು ಮಾಲಿನಿಯನ್ನು ನೋಡಲು ಬಂದಿದ್ದ ಗಂಡಿನ ಕಡೆಯವರಿಗೆ ಈ ಬೆರಳಿನ ವಿದ್ಯೆ ಗೊತ್ತಿರಲಿಲ್ಲ. ಬಿಸಿ ಕಾಫಿಯ ಲೋಟ ಸೀದಾ ಹೋಗಿ ಗಂಡಿನ ತಂದೆಯ ಹೊಸ ಪಂಚೆಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಂಡು ಅವರು "ಏನಮ್ಮಾ ನಿನ್ನ ಹೆಸರು?" ಎಂದು ಮೂರು ಸಲ ಕೇಳಿದರು. ಇಂಜಿನ್ನಿನ ಸದ್ದಿನಲ್ಲಿ ಮಾಲಿನಿ ಮೂರು ಸಲವೂ "ಆಂ?" ಎಂದಳು. ಎಂಟು ದಿನದ ಮೇಲೆ ಉತ್ತರ ಬಂತು: "ಹುಡುಗಿ ಲಕ್ಷಣವಾಗಿದಾಳೆ. ಕಿವಿ ಒಂದು ಇದ್ದಿದ್ರೆ ಆಗೋದು."

ಈ ಗುಡುಗುಡುವಿಗೆ ಗಲ್ಲಿಯವರು ಇಟ್ಟ ಹೆಸರು ದಮ್ಮಯ್ಯ. ಇಂಜಿನ್ನಿನ ಹಣೆಯ ಮೇಲೆ ಐದಂಕಿಯ ನಂಬರೇನೋ ಇತ್ತು. ಆದರೆ ಹತ್ತು ವ್ಯಾಗನ್ ಎಳೆದರೆ ಹತ್ತು ನಿಮಿಷ ಕೆಮ್ಮುವ ಮುದಿ ಯಂತ್ರಕ್ಕೆ ದಮ್ಮಿನ ಕಾಯಿಲೆಯ ಹೆಸರೇ ನಿಂತಿತು. ಅದನ್ನು ಓಡಿಸುವವನು ದಿನಕ್ಕೆ ನಾಲ್ಕು ಸಲ "ದಮ್ಮಯ್ಯ ಅಂತೀನಿ, ನಡಿಯಪ್ಪ" ಎಂದು ಬೇಡಿಕೊಳ್ಳುತ್ತಿದ್ದುದರಿಂದ ಹೆಸರು ಎರಡು ಕಡೆಯಿಂದಲೂ ಸರಿಹೋಗಿತ್ತು.

ಓಡಿಸುವವನು ಅಕ್ರಂ ಪಾಷಾ, ಯಾರ್ಡಿನ ಶಂಟರ್. ಗೂಡ್ಸ್ ಗಾಡಿ ತಂದು ಬಿಟ್ಟ ಸಿಮೆಂಟು, ಗೊಬ್ಬರ, ಅಕ್ಕಿಯ ವ್ಯಾಗನ್‌ಗಳನ್ನು ಗೂಡ್‌ಶೆಡ್ಡಿಗೆ ತಳ್ಳುವುದು, ಖಾಲಿಯಾದವನ್ನು ಎಳೆದು ಆಚೆ ಸಾಲಿಗೆ ಬಿಡುವುದು ಅವನ ಕೆಲಸ. ಮುಂದಕ್ಕೆ ಆರುನೂರು ಮೀಟರ್, ಹಿಂದಕ್ಕೆ ಆರುನೂರು ಮೀಟರ್. ಈ ತೊಂಬತ್ತೇಳನೇ ಇಸವಿಗೆ ಹದಿನಾಲ್ಕು ವರ್ಷವಾಗಿತ್ತು. ಅವನು ಬಂದಾಗ ಮೀಟರ್ ಗೇಜು, ಈಗ ಬ್ರಾಡ್ ಗೇಜು; ಇಂಜಿನ್ನು ಬದಲಾದರೂ ಬಂದದ್ದು ಇನ್ನೊಂದು ಮುದಿಯೇ, ಹೆಸರೂ ಅದೇ. ಹಳಿ ಅಗಲವಾಯಿತೇ ಹೊರತು ಅಕ್ರಂ ಪಾಷಾನ ದಾರಿ ಉದ್ದವಾಗಲಿಲ್ಲ.

"ಪಾಷಾ ಸಾಬ್ರೆ, ನೀವು ಹಿಂದೆ ಮುಂದೆ ಓಡಾಡಿದ್ದೆಲ್ಲ ಒಂದೇ ಕಡೆಗೆ ಹೋಗಿದ್ರೆ ಇಷ್ಟೊತ್ತಿಗೆ ಹತ್ತು ಸಲ ಡೆಲ್ಲಿ ನೋಡಿರ್ತಿದ್ರಿ" ಎಂದು ಪಾಯಿಂಟ್ಸ್‌ಮನ್ ವೆಂಕಟಯ್ಯ ಒಮ್ಮೆ ಹೇಳಿದ್ದ. ಹಳಿಯ ಕವಲಿನಲ್ಲಿ ಲಿವರ್ ಎಳೆದು, ಹಸಿರು ಬಾವುಟ ಬೀಸಿ, ದಮ್ಮಯ್ಯನಿಗೆ ದಾರಿ ತೋರಿಸುವವನು ಅವನು.

"ಡೆಲ್ಲಿ ಯಾರಿಗ್ ಬೇಕು ಮಾರಾಯ? ನಂಗೆ ಗುಬ್ಬಿ ಸಾಕು."

ಗುಬ್ಬಿ ಅವನ ಹೆಂಡತಿ ಜಮಾಲುನ್ನೀಸಾಳ ತವರು. ತುಮಕೂರಿನಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ. ಹಬ್ಬಕ್ಕೆಂದು ಅಕ್ರಂ ಪಾಷಾ ಅಲ್ಲಿ ಬಸ್ಸಿನಿಂದ ಇಳಿದಾಗಲೆಲ್ಲ, ಬಸ್ ಸ್ಟ್ಯಾಂಡಿನ ಎದುರೇ ಟೈಲರ್ ಅಂಗಡಿ ಇಟ್ಟಿದ್ದ ಭಾಮೈದ ಶಾಬಾಜ್ ಮಿಷಿನ್ ನಿಲ್ಲಿಸಿ, ಅಕ್ಕಪಕ್ಕದ ನಾಲ್ಕು ಅಂಗಡಿಗೆ ಕೇಳುವಂತೆ ಕೂಗುತ್ತಿದ್ದ: "ನೋಡ್ರಪ್ಪೋ, ನಮ್ಮ ದುಲ್ಹಾಭಾಯಿ ಬಂದವ್ರೆ! ರೈಲ್ ಓಡ್ಸೋರು, ಬಸ್ಸಲ್ಲಿ ಬಂದವ್ರೆ!"

ಆ ಮಾತಿಗೆ ಒಂದೇ ಉತ್ತರವಿತ್ತು. ಗೂಡ್ಸ್ ಡ್ರೈವರ್ ಆಗಿ ಪ್ರಮೋಷನ್ ತಗೊಂಡು, ಐವತ್ತು ವ್ಯಾಗನ್ ಎಳೆದುಕೊಂಡು ಗುಬ್ಬಿ ಸ್ಟೇಷನ್ನಿನ ಮೇಲೆ ಹಾಯುವಾಗ ಒಂದು ಉದ್ದ ಹಾರ್ನ್ ಹೊಡೆಯುವುದು. ಎಷ್ಟು ಉದ್ದ ಅಂದರೆ ಶಾಬಾಜ್ ಹೊಲಿಯುತ್ತಿದ್ದ ಪ್ಯಾಂಟಿಗೆ ಮೂರನೇ ಕಾಲು ಬರಬೇಕು.

ಆ ಪ್ರಮೋಷನ್ನು ಇವತ್ತು ಬರುವುದಿತ್ತು. ರೈಲ್ವೆ ಇನ್‌ಸ್ಪೆಕ್ಟರ್ ಚನ್ನವೀರಯ್ಯ ಸಾಯಂಕಾಲ ನಾಲ್ಕೂವರೆಗೆ ಯಾರ್ಡಿಗೆ ಬಂದು, ಇಂಜಿನ್ನನ್ನೂ ಅಕ್ರಂ ಪಾಷಾನ ಕೆಲಸವನ್ನೂ ನೋಡಿ, ಸರಿಕಂಡರೆ ಆರ್ಡರಿಗೆ ಅಲ್ಲೇ ಸಹಿ ಹಾಕುತ್ತಾರೆ ಎಂದು ಸುದ್ದಿ. ಸರಿಕಾಣುವುದಕ್ಕೆ ಇಂಜಿನ್ನು ಓಡುತ್ತಿರಬೇಕು. ಓಡುತ್ತಿರಬೇಕಾದರೆ ಅದನ್ನು ಆಫ್ ಮಾಡಬಾರದು. ದಮ್ಮಯ್ಯನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಒಮ್ಮೆ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಹೊಸ ಬ್ಯಾಟರಿಗೆ ಬರೆದ ಅರ್ಜಿ ಎಲ್ಲೋ ಮೇಲೆ ಮಲಗಿತ್ತು. ಅದಕ್ಕೇ ಊಟದ ಹೊತ್ತಿನಲ್ಲೂ, ನಮಾಜಿನ ಹೊತ್ತಿನಲ್ಲೂ, ಕೆಲಸವೇ ಇಲ್ಲದ ಮಧ್ಯಾಹ್ನಗಳಲ್ಲೂ ಇಂಜಿನ್ನು ಗುಡುಗುಡು ಅನ್ನುತ್ತಲೇ ಇರುತ್ತಿತ್ತು.

ಬೇರೆ ಯಾರಾದರೂ ಮರೆತು ನಿಲ್ಲಿಸಿಯಾರು ಎಂದು ಅಕ್ರಂ ಪಾಷಾ ಒಂದು ನೋಟೀಸನ್ನೂ ಬರೆದಿದ್ದ. ಹೋದ ತಿಂಗಳು ಮೇಲಿನಿಂದ ಬಂದು ಯಾರೂ ಓದದೆ ಬಿದ್ದಿದ್ದ ಒಂದು ಇಂಗ್ಲಿಷ್ ಕಾಗದದ ಖಾಲಿ ಬೆನ್ನಿನ ಮೇಲೆ, ದಪ್ಪ ಅಕ್ಷರದಲ್ಲಿ: "ಈ ಇಂಜಿನ್ ಆಫ್ ಮಾಡಬಾರದು. ಆಫ್ ಮಾಡಿದವರು ಮನೆಗೆ ಹೋಗಬಾರದು." ಅದಕ್ಕೆ ಮೈದಾ ಅಂಟು ಬಳಿದು, ಒಳಗೆ ಕೂತವನ ಕಣ್ಣಿಗೆ ಬೀಳುವಂತೆ ಕ್ಯಾಬಿನ ಕಿಟಕಿಯ ಗಾಜಿಗೆ ಅಂಟಿಸಿದ್ದ.

ಅಂಥ ದಿನದ ಬೆಳಿಗ್ಗೆ, ಅವನು ಬೂಟಿಗೆ ಕಾಲು ತೂರಿಸುತ್ತಿದ್ದಾಗ, ಜಮಾಲುನ್ನೀಸಾ ಕನ್ನಡದಲ್ಲಿ ಮಾತು ಶುರುಮಾಡಿದಳು. ಅಕ್ರಂ ಪಾಷಾ ಬೂಟು ಬಿಟ್ಟು ತಲೆ ಎತ್ತಿದ. ಮನೆಯಲ್ಲಿ ಅವರ ಮಾತೆಲ್ಲ ಉರ್ದು. ಗಂಡನನ್ನು ತರಾಟೆಗೆ ತಗೊಳ್ಳುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಿದ್ದಳು, ಗಲ್ಲಿಗೂ ಅರ್ಥವಾಗಲಿ ಎಂದು.

"ಏನ್ರೀ! ಇವತ್ತು ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ದಮ್ಮಯ್ಯನ್ನ ಅರ್ಧ ಗಂಟೆ ಆಫ್ ಮಾಡ್ತೀರ. ನಾನು ಮಂಗಳಕ್ಕಂಗೆ ಮಾತು ಕೊಟ್ಟಾಯ್ತು."

"ಏನು? ಇವತ್ತಾ? ತಲೆ ಕೆಟ್ಟಿದ್ಯಾ?"

ಕೆಟ್ಟಿಲ್ಲ ಎಂದು ಹೇಳಲು ಸರ್ವಮಂಗಳಮ್ಮನೇ ಬಾಗಿಲಲ್ಲಿ ನಿಂತಿದ್ದರು. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಸಾಕಿ, ಓದಿಸಿ, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕೆ ಹಚ್ಚಿದ್ದ ಹೆಂಗಸು. ಜಮಾಲುನ್ನೀಸಾಗೆ ಟೈಫಾಯ್ಡ್ ಆದಾಗ ಹನ್ನೆರಡು ದಿನ ಗಂಜಿ ಕಾಯಿಸಿ ತಂದವರು.

"ಕುಣಿಗಲ್ ಕಡೆಯೋರು ಬರ್ತಾವ್ರೆ ಕಣಣ್ಣ, ಕೊತ್ತಗೆರೆಯೋರು. ಹುಡುಗ ಹಿರೇಹಳ್ಳಿ ಫ್ಯಾಕ್ಟ್ರೀಲವ್ನೆ. ಹೋದ್ಸಲದ ಹಂಗೆ ಇವ್ರೂ ಕಿವುಡಿ ಅಂದ್ಬುಟ್ರೆ ನನ್ ಮಗೀನ್ ಗತಿ ಏನು? ಅರ್ಧ ಗಂಟೆ. ದಮ್ಮಯ್ಯ ಅಂತೀನಿ, ದಮ್ಮಯ್ಯನ್ನ ನಿಲ್ಸಣ್ಣ."

"ಅಕ್ಕ, ಅದು ನಿಂತ್ರೆ ಮತ್ತೆ ಏಳಲ್ಲ. ನಾಲ್ಕೂವರೆಗೆ ನನ್ನ ಸಾಹೇಬ್ರು ಬರ್ತಾರೆ."

"ಬಿಸಿ ಇದ್ದಾಗ ಏಳ್ತದೆ ಬುಡಿ ಸಾಬ್ರೆ" ಎಂದ ವೆಂಕಟಯ್ಯ, ಯಾರೂ ಕೇಳದಿದ್ದರೂ. ಅವನು ಚಹಾ ಕುಡಿಯಲು ಬಂದವನು. "ರೊಟ್ಟಿ ಹೆಂಚಿನ ಥರ. ಆರೋಕ್ ಮುಂಚೆ ಹಚ್ಚಿಬುಟ್ರೆ ಆಯ್ತು."

ಸರ್ವಮಂಗಳಮ್ಮನ ಹಿಂದೆ ಮಾಲಿನಿ ನಿಂತಿದ್ದಳು. ಚಿಕ್ಕವಳಿದ್ದಾಗ ದಮ್ಮಯ್ಯನ ಹಾರ್ನ್ ಹೊಡೆಸಿಕೊಳ್ಳಲು ಗೋಡೆ ಹತ್ತಿ ಕೂತು "ಪಾಷಾ ಮಾಮಾ, ಪೋಂ!" ಎನ್ನುತ್ತಿದ್ದವಳು. ಅಕ್ರಂ ಪಾಷಾ ಅವಳ ಮುಖ ನೋಡಿದ. ನೋಡಬಾರದಿತ್ತು.

"ಅರ್ಧ ಗಂಟೆ" ಎಂದ. "ಮೂವತ್ತೊಂದನೇ ನಿಮಿಷ ಇಲ್ಲ."

*

ಸರಿಯಾಗಿ ಎರಡಕ್ಕೆ, ಸಿಮೆಂಟಿನ ವ್ಯಾಗನ್‌ಗಳನ್ನೆಲ್ಲ ಶೆಡ್ಡಿಗೆ ಸೇರಿಸಿ, ದಮ್ಮಯ್ಯನನ್ನು ಗೋಡೆಯ ಪಕ್ಕದ ಸಾಲಿನಲ್ಲಿ ನಿಲ್ಲಿಸಿ, ಅಕ್ರಂ ಪಾಷಾ ಕಣ್ಣು ಮುಚ್ಚಿಕೊಂಡು ಇಂಜಿನ್ ಆಫ್ ಮಾಡಿದ.

ದಮ್ಮಯ್ಯ ಒಮ್ಮೆ ಕೆಮ್ಮಿ, ಒಮ್ಮೆ ನಡುಗಿ, ನಿಂತುಹೋದ.

ಆಮೇಲೆ ಬಂದ ನಿಶ್ಶಬ್ದ ಎಂಥದ್ದೆಂದರೆ, ಗೂಡ್‌ಶೆಡ್ಡಿನಲ್ಲಿ ಮೂಟೆ ಹೊತ್ತಿದ್ದ ಹಮಾಲರು ಮೂಟೆ ಸಮೇತ ನಿಂತು ನೋಡಿದರು. ಶೆಡ್ಡಿನ ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಗಲ್ಲಿಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ ರಿಟೈರ್ಡ್ ಮೇಷ್ಟ್ರು ಪುಟ್ಟರಂಗಯ್ಯ ಗಾಬರಿಯಿಂದ ಎದ್ದು ಕೂತು, "ಏನಾಯ್ತು? ಯಾರು ಹೋದ್ರು?" ಎಂದು ಕೂಗಿದರು. ಎದುರು ಮನೆಯ ಕೂಸು, ಹುಟ್ಟಿದಾಗಿನಿಂದ ದಮ್ಮಯ್ಯನ ಗುಡುಗುಡು ಇಲ್ಲದೆ ಮಲಗಿಯೇ ಗೊತ್ತಿಲ್ಲದ್ದು, ಕಿಟಾರನೆ ಕಿರುಚಿಕೊಂಡಿತು. ಹತ್ತು ನಿಮಿಷದಲ್ಲಿ ಗಲ್ಲಿಗೆ ಗಲ್ಲಿಯೇ ಬಾಗಿಲಿಗೆ ಬಂದು ನಿಂತಿತು. ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿದೆ ಎಂದು ಒಬ್ಬರು, ಪಕ್ಕದ ಮನೆಯವರ ಗೊರಕೆ ಹೀಗಿರುತ್ತೆ ಎಂದು ಗೊತ್ತೇ ಇರಲಿಲ್ಲ ಎಂದು ಇನ್ನೊಬ್ಬರು.

ಅಷ್ಟರಲ್ಲಿ ಕೊತ್ತಗೆರೆಯವರು ಬಂದು ಕೂತಿದ್ದರು. ತಾಯಿ ಬಸವಲಿಂಗಮ್ಮ, ಹಣೆ ತುಂಬ ವಿಭೂತಿ, ಮೆಲುದನಿಯ ಹೆಂಗಸು. ಮಗ ಗುರುಪ್ರಕಾಶ, ಅಂಗಿಯ ಇಸ್ತ್ರಿ ಮಡಿಕೆಯ ಜೊತೆ ಉಗುರಿನಲ್ಲಿ ಒಂದಿಷ್ಟು ಗ್ರೀಸು.

"ಚೆನ್ನಾಗಿದೀರಾ?" ಎಂದರು ಬಸವಲಿಂಗಮ್ಮ ಮೆಲ್ಲಗೆ.

"ಚೆನ್ನಾಗಿದೀವಿ! ಕೂತ್ಕೊಳಿ! ಉಪ್ಪಿಟ್ಟು ತಗೊಳಿ!" ಎಂದರು ಸರ್ವಮಂಗಳಮ್ಮ.

ಬಸವಲಿಂಗಮ್ಮ ಕೂತಿದ್ದವರು ಬೆಚ್ಚಿ ಹಿಂದಕ್ಕೆ ಸರಿದರು. ಇಪ್ಪತ್ತು ವರ್ಷ ಇಂಜಿನ್ನಿನ ಮೇಲೆ ಗೆದ್ದು ಮಾತಾಡಿದ ಗಂಟಲು ಅದು. ಇಂಜಿನ್ನು ನಿಂತಿತ್ತೇ ಹೊರತು ಗಂಟಲಿನ ಕೀಲಿ ತಿರುಗಿರಲಿಲ್ಲ.

"ಇದನ್ನೂ ತಿನ್ನಿ! ಬಿಡೋ ಹಾಗಿಲ್ಲ!" ಎಂದು ಒಳಗಿನಿಂದ, ನೆರವಿಗೆ ಬಂದಿದ್ದ ಜಮಾಲುನ್ನೀಸಾ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು.

"ಏನ್ ಜಗಳ ನಡೀತೈತೆ ಇಲ್ಲಿ?" ಎಂದು ಬಸವಲಿಂಗಮ್ಮ ಮಗನ ಕಿವಿಯಲ್ಲಿ ಕೇಳಿದರು. "ನಾವ್ ಬಂದಿದ್ ಇವ್ರಿಗೆ ಇಷ್ಟ ಇಲ್ವೇನೋ ಕಣೋ."

ಮಾಲಿನಿ ಕಾಫಿ ತಂದಳು. ಟೀಪಾಯಿ ಮೇಲಿಟ್ಟಳು. ಅಭ್ಯಾಸಬಲದಿಂದ ಒಂದು ಬೆರಳಿನಲ್ಲಿ ಲೋಟವನ್ನು ಒಳಕ್ಕೆ ತಳ್ಳಿದಳು. ಎಲ್ಲಿಗೂ ಹೊರಡದೆ ನಿಂತಿದ್ದ ಲೋಟ ಸೀದಾ ಹೋಗಿ ಆಚೆ ತುದಿಯಿಂದ ಉರುಳಿ, ಈ ಸಲ ಗಂಡಿನ ಪ್ಯಾಂಟಿನ ಮೇಲೆ ಬಿತ್ತು.

"ಅಯ್ಯೋ! ಬಿಸಿ ಆಯ್ತಾ?" ಎಂದು ಮಾಲಿನಿ ಕೂಗಿದಳು. ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡಿತು.

ಸರ್ವಮಂಗಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮುಗಿಯಿತು ಎಂದುಕೊಂಡರು.

"ಇಲ್ಲ ಇಲ್ಲ! ಏನೂ ಆಗಿಲ್ಲ!" ಎಂದ ಗುರುಪ್ರಕಾಶ, ಅವಳಿಗಿಂತ ಒಂದು ಮೆಟ್ಟಿಲು ಮೇಲಿನ ದನಿಯಲ್ಲಿ. "ನಮ್ ಫ್ಯಾಕ್ಟ್ರೀಲಿ ಇದಕ್ಕಿಂತ ಬಿಸಿ ಎಣ್ಣೆ ಬೀಳುತ್ತೆ! ನಾನು ಪವರ್ ಪ್ರೆಸ್ ಸೆಕ್ಷನ್ನು, ತಗಡು ಒತ್ತೋದು! ಎಂಟು ವರ್ಷ ಆಯ್ತು!"

"ನಿಮಗೂ ಸದ್ದು ಜೋರಾ?"

"ಸದ್ದಾ? ಪಕ್ಕದಲ್ಲಿರೋನ್ ಸೀನಿದ್ರೆ ಬಾಯ್ ನೋಡಿ ತಿಳ್ಕೋಬೇಕು!"

ಮಾಲಿನಿ ನಕ್ಕಳು. ಅವನೂ ನಕ್ಕ. ಬಸವಲಿಂಗಮ್ಮ ಇಬ್ಬರ ಮುಖವನ್ನೂ ನೋಡಿ, ಮೊದಲ ಸಲ ತಾವೂ ದನಿ ಎತ್ತಿದರು. "ನಮ್ ಮನೇಲಿ ಇವ್ನೊಬ್ನೇ ಹಿಂಗ್ ಅರಚೋದು ಅನ್ಕೊಂಡಿದ್ದೆ ಕಣಮ್ಮ. ಇಲ್ಲಿ ಒಂದ್ ಗಲ್ಲೀನೇ ಐತಲ್ಲ!"

ಆಗ ಗೋಡೆಯ ಆಚೆಯಿಂದ ಒಂದು ಸದ್ದು ಬಂತು. "ಕ್ರ್‌ರ್‌ರ್... ಟಕ್." ಮತ್ತೆ, "ಕ್ರ್‌ರ್... ಟಕ್." ಆಮೇಲೆ ಬರೀ "ಟಕ್."

ಗುರುಪ್ರಕಾಶ ಉಪ್ಪಿಟ್ಟಿನ ಚಮಚ ಕೆಳಗಿಟ್ಟ. ಕುದುರೆ ಕಿವಿ ನಿಮಿರಿಸಿದ ಹಾಗೆ ಕತ್ತು ಎತ್ತಿದ. "ಬ್ಯಾಟ್ರಿ ಡೌನು" ಎಂದ.

*

ಕ್ಯಾಬಿನಲ್ಲಿ ಅಕ್ರಂ ಪಾಷಾನ ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಎರಡೂವರೆ ಆಗಿ ಹತ್ತು ನಿಮಿಷವಾಗಿತ್ತು. ಬಟನ್ ಒತ್ತಿದ. ಟಕ್. ದಮ್ಮಯ್ಯ ಅಂದ. ಟಕ್. ನಿನ್ನ ಕಾಲಿಗೆ ಬೀಳ್ತೀನಿ ಅಂದ, ಇಂಜಿನ್ನಿಗೆ ಕಾಲಿಲ್ಲ ಎಂಬುದು ನೆನಪಾಗಿ ಚಕ್ರ ಮುಟ್ಟಿ ಬಂದ. ಟಕ್ ಕೂಡ ನಿಂತಿತು.

ಗೋಡೆಯ ಸಂದಿಯಲ್ಲಿ ಗಲ್ಲಿಯವರೆಲ್ಲ ನುಗ್ಗಿ ಬಂದು ಇಂಜಿನ್ನಿನ ಸುತ್ತ ನೆರೆದಿದ್ದರು. ಇಷ್ಟು ವರ್ಷ ಶಪಿಸಿದ ಇಂಜಿನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅವರಿಗೂ ಹೊಸದು.

"ಮೂಗಿಗೆ ನೀಲಗಿರಿ ಎಣ್ಣೆ ಹಿಡೀಬೇಕು" ಎಂದರು ಪುಟ್ಟರಂಗಯ್ಯ ಮೇಷ್ಟ್ರು. "ದಮ್ಮಿಗೆ ಅದೇ ಮದ್ದು. ನಂಗೂ ಅದೇ."

"ಮೇಷ್ಟ್ರೇ, ಅದು ಇಂಜಿನ್ನು."

"ಇಂಜಿನ್ ಆದ್ರೇನು, ಉಸಿರಾಡಲ್ವೇನಯ್ಯ?"

"ತಳ್ಳೋಣ" ಎಂದ ವೆಂಕಟಯ್ಯ. "ಅಂಬಾಸಿಡರ್ ತಳ್ಳಿದ್ರೆ ಸ್ಟಾರ್ಟ್ ಆಗಲ್ವಾ?"

"ಲೇ, ನೂರಾರು ಅಂಬಾಸಿಡರ್ ತೂಕ ಐತೆ ಕಣೋ ಇದು!" ಎಂದು ಅಕ್ರಂ ಪಾಷಾ ಕೂಗುವಷ್ಟರಲ್ಲಿ ಇಪ್ಪತ್ತು ಜನ ಹಮಾಲರು ಹಿಂದೆ ಹೋಗಿ ಭುಜ ಕೊಟ್ಟಿದ್ದರು. "ಐಸಾ!" ಅಂದರು. ದಮ್ಮಯ್ಯ ಅಲುಗಲಿಲ್ಲ. "ಇನ್ನೂ ಐಸಾ!" ಅಂದರು. ಒಬ್ಬನ ಲುಂಗಿ ಬಿಚ್ಚಿತು. ಅಷ್ಟೇ.

"ಎಲ್ಲ ಹೋಯ್ತು" ಎಂದು ಅಕ್ರಂ ಪಾಷಾ ಮೆಟ್ಟಿಲ ಮೇಲೆ ಕೂತುಬಿಟ್ಟ. "ಪ್ರಮೋಷನ್ ಹೋಯ್ತು. ಚಾರ್ಜ್‌ಶೀಟ್ ಬರ್ತದೆ. ಗುಬ್ಬಿಗೆ ಇನ್ನು ಬಸ್ಸಲ್ಲಿ ಹೋಗೋಕೂ ಮುಖ ಇಲ್ಲ."

ಆಗ ಕಾಫಿ ಕಲೆಯ ಪ್ಯಾಂಟಿನ ಹುಡುಗನೊಬ್ಬ ಜನರನ್ನು ಸರಿಸಿಕೊಂಡು ಬಂದ. ಹಿಂದೆ ದಾರಿ ತೋರಿಸುತ್ತಾ ಮಾಲಿನಿ. ಅವಳ ಹಿಂದೆ, "ಲೋ, ಹೆಣ್ ನೋಡಕ್ ಬಂದು ಇಂಜಿನ್ ನೋಡ್ತಾ ನಿಂತ್ಯಲ್ಲೋ" ಎನ್ನುತ್ತಾ ಬಸವಲಿಂಗಮ್ಮ.

"ಬ್ಯಾಟ್ರಿ ಎಷ್ಟು ವೋಲ್ಟು?" ಎಂದು ಗುರುಪ್ರಕಾಶ ಕೇಳಿದ.

"ಎಪ್ಪತ್ತೆರಡು" ಎಂದ ಅಕ್ರಂ ಪಾಷಾ. "ನೀವ್ ಯಾರು?"

"ಗಂಡು" ಎಂದಳು ಮಾಲಿನಿ, ಗಲ್ಲಿಯ ದನಿಯಲ್ಲಿ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ ಕೆಂಪಾದಳು.

"ಲಾರಿ ಬ್ಯಾಟ್ರಿ ಹನ್ನೆರಡು ವೋಲ್ಟು. ಆರು ಬ್ಯಾಟ್ರಿ ಒಂದಕ್ಕೊಂದು ಸೇರಿಸಿದ್ರೆ ಎಪ್ಪತ್ತೆರಡು" ಎಂದ ಗುರುಪ್ರಕಾಶ. "ಆರು ಲಾರಿ ಎಲ್ ಸಿಗುತ್ತೆ?"

ಎಲ್ಲರೂ ಒಟ್ಟಿಗೆ ಗೂಡ್‌ಶೆಡ್ಡಿನ ಕಡೆ ತಿರುಗಿದರು. ಸಿಮೆಂಟು ತುಂಬಿಸಿಕೊಳ್ಳಲು ಲಾರಿಗಳು ಸಾಲಾಗಿ ನಿಂತಿದ್ದವು. ಮುಂದಿನ ಲಾರಿಯ ಡ್ರೈವರ್ ತೌಹೀದ್ ಬೀಡಿ ಎಸೆದು ಎದ್ದ. "ಅಕ್ರಂ ಭಾಯಿಗೆ ಇಲ್ಲ ಅಂದ್ರೆ ಆಗ್ತದಾ? ನಾಳೆ ನಮ್ ವ್ಯಾಗನ್ ಯಾರ್ ತರ್ತಾರೆ? ಬಿಚ್ರೋ!"

ಇಪ್ಪತ್ತು ನಿಮಿಷದಲ್ಲಿ ಆರು ಬ್ಯಾಟರಿ ಬಂದವು. ಹಳಿಯ ಪಕ್ಕ ಸಾಲಾಗಿ ಇಟ್ಟು, ದಪ್ಪ ವೈರಿನಲ್ಲಿ ಒಂದಕ್ಕೊಂದು ಗಂಟು ಹಾಕಿ, ಅಂಗಿ ಬಿಚ್ಚಿ ಮಾಲಿನಿಯ ಕೈಗೆ ಕೊಟ್ಟು, ಗುರುಪ್ರಕಾಶ ಇಂಜಿನ್ನಿನ ಹೊಟ್ಟೆಯೊಳಗೆ ತೂರಿಕೊಂಡ. ಬಸವಲಿಂಗಮ್ಮ ಪುಟ್ಟರಂಗಯ್ಯನ ಜೊತೆ ನೀಲಗಿರಿ ಎಣ್ಣೆಯ ಗುಣದ ಮೇಲೆ ಮಾತಿಗಿಳಿದರು. ಮೂರೂ ಇಪ್ಪತ್ತು. ಇನ್ನೂ ಒಂದು ಗಂಟೆಯ ಮೇಲೆ ಇತ್ತು. ಅಕ್ರಂ ಪಾಷಾನ ಕಣ್ಣಿನಲ್ಲಿ ಮತ್ತೆ ಗುಬ್ಬಿ ಹಾರಿತು.

"ಸಾಬ್ರೇ!" ಎಂದು ಪಾಯಿಂಟಿನ ಬಳಿಯಿಂದ ವೆಂಕಟಯ್ಯ ಕೆಂಪು ಬಾವುಟವನ್ನೂ ಹಸಿರು ಬಾವುಟವನ್ನೂ ಒಟ್ಟಿಗೆ ಬೀಸುತ್ತಾ ಓಡಿ ಬಂದ. "ಜೀಪು! ಇನ್‌ಸ್ಪೆಕ್ಟರ್ ಸಾಹೇಬ್ರು ಜೀಪಲ್ಲಿ ಬಂದ್ಬುಟ್ರು!"

ಆ ಗಳಿಗೆಯಲ್ಲಿ ಗಲ್ಲಿ ತೋರಿಸಿದ ಬುದ್ಧಿಗೆ ಅಕ್ರಂ ಪಾಷಾ ಜೀವಮಾನವಿಡೀ ಋಣಿಯಾಗಿರಬೇಕು, ಅಥವಾ ಜೀವಮಾನವಿಡೀ ಶಪಿಸಬೇಕು. ಹೀಗೆ ಮಾಡಿ ಎಂದು ಯಾರೂ ಹೇಳಲಿಲ್ಲ. ಆರು ಜನ ಹಮಾಲರು ಆರು ಬ್ಯಾಟರಿಗಳ ಮೇಲೆ ಗೋಣಿತಾಟು ಹಾಸಿ, ಊಟದ ನಂತರ ವಿಶ್ರಾಂತಿಗೆ ಕೂತವರ ಹಾಗೆ ಕೂತರು. ವೈರಿನ ಮುಂದೆ ಹೆಂಗಸರು ಸಾಲಾಗಿ ಸೆರಗು ಹರಡಿ ನಿಂತರು. ಗಂಡು ಇಂಜಿನ್ನಿನ ಹೊಟ್ಟೆಯಲ್ಲೇ ಉಳಿದ.

ಇನ್‌ಸ್ಪೆಕ್ಟರ್ ಚನ್ನವೀರಯ್ಯ ಹಳಿ ದಾಟಿ ಬಂದರು. ಕಂಕುಳಲ್ಲಿ ಫೈಲು, ಮುಖದಲ್ಲಿ ಐದು ಯಾರ್ಡುಗಳ ಧೂಳು. ಹತ್ತು ಹೆಜ್ಜೆ ದೂರದಲ್ಲಿ ನಿಂತು, ಕಿವಿಗೆ ಕೈ ಇಟ್ಟು ಆಲಿಸಿದರು.

"ಇಂಜಿನ್ ಆಫ್ ಆಗಿದೆಯಲ್ಲ?"

"ಆಗಿದೆ ಸಾರ್" ಎಂದ ಅಕ್ರಂ ಪಾಷಾ. ದನಿ ಇಲಿಯದ್ದಾಗಿತ್ತು.

"ಯಾವಾಗಿಂದ?"

"ಎರಡು ಗಂಟೆಯಿಂದ ಸಾರ್."

"ಇಷ್ಟೊಂದು ಜನ ಯಾಕೆ?"

"ಸದ್ದು ಇಲ್ದೇ ಇರೋದನ್ನ ನೋಡಕ್ ಬಂದಿದೀವಿ ಸಾರ್" ಎಂದರು ಪುಟ್ಟರಂಗಯ್ಯ.

ಚನ್ನವೀರಯ್ಯ ಇಂಜಿನ್ನಿನ ಹತ್ತಿರ ಬಂದರು. ಕಿಟಕಿಯ ಗಾಜಿನ ಮುಂದೆ ನಿಂತರು. ಅಲ್ಲಿ ತಾನು ಅಂಟಿಸಿದ ನೋಟೀಸು ನೆನಪಾಗಿ ಅಕ್ರಂ ಪಾಷಾ ಕಣ್ಣು ಮುಚ್ಚಿದ. ಆದರೆ ಅವನು ಬರೆದದ್ದು ಒಳಮುಖ. ಹೊರಗಿನಿಂದ ಗಾಜಿನಲ್ಲಿ ಕಾಣುತ್ತಿದ್ದದ್ದು ಆ ಇಂಗ್ಲಿಷ್ ಕಾಗದದ ಮುಖ. ಚನ್ನವೀರಯ್ಯ ಕನ್ನಡಕ ಹಾಕಿಕೊಂಡು ಅದನ್ನು ಒಂದೊಂದೇ ಸಾಲು ಓದಿದರು. ಕನ್ನಡಕ ತೆಗೆದರು. ಅವರ ಕಣ್ಣು ತೇವವಾಗಿತ್ತು.

"ಪಾಷಾ" ಎಂದರು. "ಅರ್ಧ ಗಂಟೆಗಿಂತ ಜಾಸ್ತಿ ಕೆಲಸ ಇಲ್ದಿದ್ರೆ ಇಂಜಿನ್ ಆಫ್ ಮಾಡಿ ಡೀಸೆಲ್ ಉಳಿಸಿ ಅಂತ ಹೋದ ತಿಂಗಳು ಈ ಸರ್ಕ್ಯುಲರ್ ಕಳಿಸಿದ್ವಿ. ಐದು ಯಾರ್ಡ್ ನೋಡಿ ಬಂದೆ. ಒಬ್ಬನೂ ಓದಿಲ್ಲ ಕಣಯ್ಯ. ಎಲ್ಲ ಕಡೆ ಗುಡುಗುಡು, ಕೇಳಿದ್ರೆ ಬ್ಯಾಟ್ರಿ ಸರಿಯಿಲ್ಲ ಅಂತ ನೆಪ. ನೀನೊಬ್ನೇ ಓದಿದೀಯ. ಓದಿದ್ದೂ ಅಲ್ದೆ ಎಲ್ಲರಿಗೂ ಕಾಣೋ ಹಂಗೆ ಗಾಜಿಗೇ ಅಂಟಿಸಿದೀಯ!"

ಅಕ್ರಂ ಪಾಷಾನ ಬಾಯಿ ತೆರೆಯಿತು. ಹಿಂದಿನಿಂದ ವೆಂಕಟಯ್ಯ ತಿವಿದ. ಬಾಯಿ ಮುಚ್ಚಿತು.

"ಎಲ್ಲಿ, ಸ್ಟಾರ್ಟ್ ಮಾಡು ನೋಡೋಣ."

ಅಕ್ರಂ ಪಾಷಾ ಬಿಸ್ಮಿಲ್ಲಾ ಎಂದ. ಸರ್ವಮಂಗಳಮ್ಮ ಶಿವಶಿವಾ ಎಂದರು. ಬಟನ್ ಒತ್ತಿದ. ಬ್ಯಾಟರಿಗಳ ಮೇಲೆ ಕೂತಿದ್ದ ಆರು ಹಮಾಲರು ಉಸಿರು ಬಿಗಿಹಿಡಿದರು. ದಮ್ಮಯ್ಯ ಒಮ್ಮೆ ನರಳಿದ, ಎರಡು ಸಲ ಸೀನಿದ, ಆಮೇಲೆ ಕೊಳವೆಯಿಂದ ಒಂದು ಕರಿ ಹೊಗೆಯ ಉಂಗುರ ಬಿಟ್ಟು ಗುಡುಗುಡುಗುಡು ಎಂದ. ಎದುರು ಮನೆಯ ಕೂಸು ಅಳು ನಿಲ್ಲಿಸಿ ಮಲಗಿತು. ಗಲ್ಲಿಯವರು ಚಪ್ಪಾಳೆ ಹೊಡೆದರು.

"ಒಂದೇ ಸಲಕ್ಕೆ!" ಎಂದು ಚನ್ನವೀರಯ್ಯ ಕೂಗಿದರು. "ಎಷ್ಟು ವರ್ಷದ ಬ್ಯಾಟ್ರಿ ಇದು?"

"ಎಂಟು ವರ್ಷದ್ದು ಸಾರ್" ಎಂದ ವೆಂಕಟಯ್ಯ ಹೆಮ್ಮೆಯಿಂದ, ಸುಮ್ಮನಿರಬೇಕಾದ ಜಾಗದಲ್ಲಿ.

ಚನ್ನವೀರಯ್ಯ ಇಂಜಿನ್ನಿನ ಮೆಟ್ಟಿಲ ಮೇಲೆ ಫೈಲು ಬಿಚ್ಚಿದರು. ಮೊದಲು ಒಂದು ಹಳದಿ ಕಾಗದ ತೆಗೆದರು. ಎರಡು ವರ್ಷದಿಂದ ಮೇಲೆ ಮಲಗಿದ್ದ ಬ್ಯಾಟರಿಯ ಅರ್ಜಿ ಅದು. "ಇದು ಬೇಡ ಹಂಗಾದ್ರೆ" ಎಂದು ಅಡ್ಡಗೀಟು ಎಳೆದರು. "ಈ ಬ್ಯಾಟ್ರೀನೇ ಇಷ್ಟು ಚೆನ್ನಾಗಿ ಎಬ್ಬಿಸ್ತೀಯಲ್ಲ. ಹೊಸದನ್ನ ಕೈಲಾಗದೋರಿಗೆ ಕೊಡೋಣ."

ಆಮೇಲೆ ಬಿಳಿ ಕಾಗದ. ಅಕ್ರಂ ಪಾಷಾ ತಲೆಕೆಳಗಾಗಿ ಕಂಡ ತನ್ನ ಹೆಸರು ಓದಿದ. ಗೂಡ್ಸ್ ಡ್ರೈವರ್. ಚನ್ನವೀರಯ್ಯ ಪೆನ್ನಿನ ಕ್ಯಾಪು ತೆಗೆದರು. ಸಹಿಯ ಜಾಗಕ್ಕೆ ಪೆನ್ನು ತಂದರು. ನಿಲ್ಲಿಸಿದರು.

"ಪಾಷಾ, ಒಂದು ಮಾತು. ಗೂಡ್ಸ್ ಓಡ್ಸೋರು ನೂರು ಜನ ಸಿಗ್ತಾರೆ. ಸರ್ಕ್ಯುಲರ್ ಓದೋ ಶಂಟರ್ ಇನ್ನೊಬ್ಬ ಸಿಗಲ್ಲ. ನಿನ್ನನ್ನ ಇಲ್ಲಿಂದ ಕಳಿಸಿದ್ರೆ ನಾನು ಮೂರ್ಖ." ಬಿಳಿ ಕಾಗದವನ್ನು ಫೈಲಿಗೆ ವಾಪಸ್ ಸೇರಿಸಿದರು. "ಎರಡು ವರ್ಷ ಇಲ್ಲೇ ಇರು. ಇದನ್ನ ಮಾದರಿ ಯಾರ್ಡ್ ಮಾಡೋಣ. ನಾಳೆಯಿಂದ ದಿನಾ ಎರಡು ಗಂಟೆಗೆ ಆಫ್, ಮೂರೂವರೆಗೆ ಸ್ಟಾರ್ಟು. ಅರಸೀಕೆರೆ ತನಕದ ಶಂಟರ್‌ಗಳೆಲ್ಲ ಬಂದು ನೋಡಿ ಕಲೀಲಿ."

"ಸಾರ್... ಗುಬ್ಬಿ..."

"ಗುಬ್ಬಿ ಏನು, ತಿಪಟೂರಿಂದಾನೂ ಬರ್ತಾರೆ! ನೀನು ಎಲ್ಲಿಗೂ ಹೋಗೋದೇ ಬೇಡ" ಎಂದು ಬೆನ್ನು ತಟ್ಟಿ, ಜೀಪು ಹತ್ತಿ ಹೊರಟುಹೋದರು.

ಹಮಾಲರು ಬ್ಯಾಟರಿಗಳ ಮೇಲಿಂದ ಎದ್ದರು. ಇಂಜಿನ್ನಿನ ಹೊಟ್ಟೆಯಿಂದ ಗುರುಪ್ರಕಾಶ ಹೊರಬಂದ, ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. ಮಾಲಿನಿ ಅಂಗಿ ಕೊಡುವುದನ್ನು ಮರೆತು ಅದನ್ನೇ ಹಿಡಿದುಕೊಂಡು ನಿಂತಿದ್ದಳು.

"ಮಗೀಗೆ ಕಿವಿ ಸರಿಯಾಗೈತೆ, ಗಂಟಲೂ ಸರಿಯಾಗೈತೆ" ಎಂದರು ಬಸವಲಿಂಗಮ್ಮ, ಸರ್ವಮಂಗಳಮ್ಮನಿಗೆ ಕೇಳುವಷ್ಟು ಜೋರಾಗಿ. "ನಮ್ ಕಡೆಯಿಂದ ಒಪ್ಗೆ."

"ದಿನಾ ಮೂರೂವರೆಗೆ ವೈರ್ ಕಟ್ಟೋಕೆ ನಾನು ಬರ್ತೀನಿ ಮಾಮ" ಎಂದ ಗುರುಪ್ರಕಾಶ ಅಕ್ರಂ ಪಾಷಾಗೆ, ಮಾಲಿನಿಯ ಕಡೆ ನೋಡುತ್ತಾ. "ಶಿಫ್ಟ್ ಮೂರಕ್ಕೇ ಮುಗಿಯುತ್ತೆ. ಹಿರೇಹಳ್ಳಿ ಏನ್ ದೂರ?"

"ಬ್ಯಾಟ್ರಿ ನಾವ್ ಕೊಡ್ತೀವಿ ಭಾಯಿ" ಎಂದ ತೌಹೀದ್.

"ನಾನು ದಿನಾ ಎರಡರಿಂದ ಮೂರೂವರೆ ತನಕ ಎಚ್ಚರವಾಗಿರ್ತೀನಿ" ಎಂದರು ಪುಟ್ಟರಂಗಯ್ಯ. "ಸದ್ದಿಲ್ದೆ ನಿದ್ದೆ ಬರಲ್ಲ. ಪುಸ್ತಕ ಓದ್ತೀನಿ."

ಎಲ್ಲರಿಗೂ ಒಂದೊಂದು ಸಿಕ್ಕಿತ್ತು. ಅಕ್ರಂ ಪಾಷಾ ಆರುನೂರು ಮೀಟರ್ ಮುಂದಕ್ಕೆ ಹೋದ, ಆರುನೂರು ಮೀಟರ್ ಹಿಂದಕ್ಕೆ ಬಂದ.

ಸಾಯಂಕಾಲ ಅವನು ಮನೆಗೆ ಬಂದಾಗ ಜಮಾಲುನ್ನೀಸಾ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ. ಚಹಾ ತಂದು ಮುಂದಿಟ್ಟು, ಪಕ್ಕದಲ್ಲಿ ಕೂತು, ಮೆಲ್ಲನೆ ಉರ್ದುವಿನಲ್ಲಿ ಕೇಳಿದಳು: ಪ್ರಮೋಷನ್ ಬಂದೇ ಬರುತ್ತೆ ಅಂತ ಬೆಳಿಗ್ಗೆಯೇ ಬೂತಿನಿಂದ ಫೋನ್ ಮಾಡಿ ಶಾಬಾಜನಿಗೆ ಹೇಳಿಬಿಟ್ಟಿದ್ದೀನಿ, ಅವನು ನಾಳೆ ಗುಬ್ಬಿ ಸ್ಟೇಷನ್ನಿಗೆ ಬಂದು ನಿಲ್ಲುತ್ತಾನಂತೆ, ಈಗ ಏನು ಹೇಳಲಿ?

ಗೋಡೆಯ ಆಚೆ ದಮ್ಮಯ್ಯ ಗುಡುಗುಡು ಅನ್ನುತ್ತಿದ್ದ. ಲೋಟ ಟೀಪಾಯಿಯ ಅಂಚಿಗೆ ಹೊರಟಿತ್ತು. ಅಕ್ರಂ ಪಾಷಾ ಅದನ್ನು ಒಂದು ಬೆರಳಿನಲ್ಲಿ ಒಳಕ್ಕೆ ತಳ್ಳಿದ.

"ಬಂದು ನಿಲ್ಲೋಕೇ ಹೇಳು" ಎಂದ. "ಸರಿಯಾಗಿ ಮೂರೂವರೆಗೆ. ಇಂಜಿನ್ ಎದ್ದ ತಕ್ಷಣ ಉದ್ದಕ್ಕೆ ಒಂದು ಹಾರ್ನ್ ಹೊಡೀತೀನಿ. ಗಾಳಿ ಆ ಕಡೆ ಬೀಸಿದ್ರೆ ಕೇಳಿಸ್ತದೆ."